ಎಂಜಿನ್ ಎಣ್ಣೆ: ತಯಾರಕರ ಮಾತನ್ನು ಎಲ್ಲಿಯವರೆಗೆ ನಂಬಬೇಕು?

ಬಾಗಲಕೋಟೆಯಿಂದ ಕಲಾದಗಿಯತ್ತ ಸಾಗುವ ಮಾರ್ಗದಲ್ಲಿರುವ ತುಳಸಿಗೇರಿಯನ್ನು ಜನ ಬಲ್ಲುದು ಅಲ್ಲಿನ ಹನುಮಂತದೇವರ ಗುಡಿಯಿಂದ. ಕಬ್ಬು ಕಡಿಯುವ ಕಾಲ ಬಂತೆಂದರೆ ಈ ಸೀಮೆಯ ರಸ್ತೆಗಳಲ್ಲಿ ಕಾಣುವ ದೃಶ್ಯ ಬೇರೆ. ಟ್ರೇಲರುಗಳ ತುಂಬ ಕಬ್ಬು ಹೇರಿಕೊಂಡ ಟ್ರ್ಯಾಕ್ಟರುಗಳು ಹಗಲಿರುಳೆನ್ನದೆ ಸಕ್ಕರೆ ಕಾರ್ಖಾನೆಗಳ ಕಡೆಗೆ ಸಾಗುತ್ತವೆ. ಅವುಗಳಲ್ಲಿ ಅನೇಕವು ಸಾಲದ ಮೇಲೆ ತಂದಂಥವು. ಎಂಜಿನ್ ಕೆಟ್ಟು ನಿಂತರೂ ಸಾಲದ ಕಂತು ನಿಲ್ಲುವುದಿಲ್ಲ. ಆದ್ದರಿಂದ ಆ ಎಂಜಿನ್ನಿಗೆ ಯಾವ ಎಣ್ಣೆ ಹಾಕಬೇಕೆಂಬುದು ಕ್ಷುಲ್ಲಕ ಪ್ರಶ್ನೆಯಲ್ಲ. ಒಂದು ಕುಟುಂಬದ ವರ್ಷದ ದುಡಿಮೆ ಅದರ ಮೇಲೆ ನಿಂತಿರುತ್ತದೆ. ಬಳಸಿ ಬಸಿದ ಅದೇ ಎಣ್ಣೆ ಕೊನೆಗೆ ಎಲ್ಲಿ ಹೋಗಿ ಸೇರುತ್ತದೆಂಬುದರ ಮೇಲೆ ಊರಿನ ಬಾವಿಯ ನೀರು ನಿಂತಿರುತ್ತದೆ.

ಈ ಭಾಗದ ಯಾವುದೇ ಗ್ಯಾರೇಜಿನ ಮುಂದೆ ಅರ್ಧ ತಾಸು ನಿಂತರೆ ಎಣ್ಣೆಯ ಕುರಿತು ಮೂರು ಬಗೆಯ ಮಾತುಗಳು ಕಿವಿಗೆ ಬೀಳುತ್ತವೆ. “ಪುಸ್ತಕ ಬಿಡ್ರಿ, ದಪ್ಪ ಎಣ್ಣಿ ಹಾಕ್ರಿ, ಎಂಜಿನ್ ಗಟ್ಟಿ ಇರತೈತಿ” ಎನ್ನುವುದು ಮಿಸ್ತ್ರಿಯ ಮಾತು. “ಕಂಪನಿ ಡಬ್ಬಿ ಎಣ್ಣಿನ ಹಾಕಬೇಕ್ರಿ, ಇಲ್ಲಾಂದ್ರ ಗ್ಯಾರಂಟಿ ಹೋಗತೈತಿ” ಎನ್ನುವುದು ಷೋರೂಮಿನವರ ಮಾತು. ಮೂರನೆಯದು ಚಳವಳಿಯ ಅಂಗಳದಿಂದಲೇ ಬರುವಂಥದ್ದು: “ಕಂಪನಿಯವರು ಕೊಟ್ಟ ಪುಸ್ತಕ ಅಂದರೆ ಅವರ ಜಾಹೀರಾತು, ಅದರ ಒಂದಕ್ಷರವನ್ನೂ ನಂಬಬಾರದು.” ಮೊದಲ ಎರಡು ಮಾತುಗಳು ತಪ್ಪೆಂದು ಒಪ್ಪಲು ಈ ಪತ್ರಿಕೆಯ ಓದುಗರಿಗೆ ಕಷ್ಟವಾಗದು. ಆದರೆ ಮೂರನೆಯದೂ ಅಷ್ಟೇ ತಪ್ಪು ಎಂಬುದನ್ನು ಸ್ಪಷ್ಟವಾಗಿ ಹೇಳಬೇಕಾದ ಕಾಲ ಬಂದಿದೆ.

ನಷ್ಟ ಯಾರಿಗೆ?

ತಯಾರಕನ ಮಾತನ್ನು ತೂಗಲು ಒಂದು ಸರಳ ಪ್ರಶ್ನೆ ಸಾಕು: ಆ ಮಾತು ಸುಳ್ಳಾದರೆ ನಷ್ಟ ಯಾರ ಗಂಟಿಗೆ? ನಷ್ಟ ತಯಾರಕನಿಗೇ ಆಗುವಲ್ಲಿ ಅವನು ಎಚ್ಚರದಿಂದ ಮಾತನಾಡುತ್ತಾನೆ. ನಷ್ಟ ರೈತನಿಗೋ, ನೆಲ ನೀರಿಗೋ ಆಗುವಲ್ಲಿ ಅವನ ಮಾತು ಸಡಿಲವಾಗುತ್ತದೆ, ಇಲ್ಲವೇ ಅವನು ಸುಮ್ಮನಾಗಿಬಿಡುತ್ತಾನೆ.

ಕೈಪಿಡಿಯಲ್ಲಿ ಎಣ್ಣೆಯ ಬಗ್ಗೆ ಮುದ್ರಿತವಾಗಿರುವ ಮುಖ್ಯ ಸಂಗತಿಗಳು ಎರಡು. ಒಂದು, ಎಣ್ಣೆಯ ಸ್ನಿಗ್ಧತೆ. 15ಡಬ್ಲ್ಯೂ-40 ಎಂಬ ಬರಹದಲ್ಲಿ ಮೊದಲ ಅಂಕಿ ಚಳಿಯಲ್ಲಿ ಎಣ್ಣೆ ಎಷ್ಟು ಸುಲಭವಾಗಿ ಹರಿಯುತ್ತದೆಂಬುದನ್ನೂ, ಎರಡನೆಯದು ಎಂಜಿನ್ ಕಾದಾಗ, ಅಂದರೆ 100 ಡಿಗ್ರಿ ಸೆಲ್ಸಿಯಸ್ಸಿನಲ್ಲಿ, ಅದು ಎಷ್ಟು ಮಂದವಾಗಿ ಉಳಿದಿರುತ್ತದೆಂಬುದನ್ನೂ ಸೂಚಿಸುತ್ತದೆ. ಎರಡು, ಗುಣಮಟ್ಟದ ದರ್ಜೆ. ಅಮೆರಿಕದ ಪೆಟ್ರೋಲಿಯಂ ಸಂಸ್ಥೆಯ, ಅಂದರೆ ಎಪಿಐಯ, ಕ್ರಮದಲ್ಲಿ ಪೆಟ್ರೋಲ್ ಎಂಜಿನ್ನಿನ ಎಣ್ಣೆಗೆ ‘ಎಸ್’ ಅಕ್ಷರವೂ ಡೀಸೆಲ್ ಎಂಜಿನ್ನಿನದಕ್ಕೆ ‘ಸಿ’ ಅಕ್ಷರವೂ ಮೊದಲಲ್ಲಿರುತ್ತವೆ. ಸಿಎಫ್-4, ಸಿಎಚ್-4, ಸಿಐ-4, ಸಿಕೆ-4 ಎಂಬುವು ಕಾಲಕಾಲಕ್ಕೆ ಬಂದ ಡೀಸೆಲ್ ದರ್ಜೆಗಳು. ಕೊನೆಯದು 2016ರಲ್ಲಿ ಬಂದಿತು.

ಈ ಎರಡು ಸಂಗತಿಗಳಲ್ಲಿ ತಯಾರಕನು ಸುಳ್ಳು ಹೇಳಿದರೆ ವಾರಂಟಿಯ ಅವಧಿಯಲ್ಲೇ ಎಂಜಿನ್ ಸವೆದು, ಅದನ್ನು ಸರಿಪಡಿಸುವ ಹೊಣೆ ಅವನ ಮೇಲೆಯೇ ಬೀಳುತ್ತದೆ. ಅದೂ ಅಲ್ಲದೆ ಇದು ಕೇವಲ ಅವನ ಬಾಯಿಮಾತಲ್ಲ. ಮಧ್ಯಪ್ರದೇಶದ ಬುಧ್ನಿಯಲ್ಲಿರುವ ಕೇಂದ್ರ ಸರ್ಕಾರದ ಕೃಷಿ ಯಂತ್ರೋಪಕರಣ ತರಬೇತಿ ಮತ್ತು ಪರೀಕ್ಷಾ ಸಂಸ್ಥೆಯಲ್ಲಿ ಟ್ರ್ಯಾಕ್ಟರುಗಳನ್ನು ದುಡಿಸಿ ಪರೀಕ್ಷಿಸುತ್ತಾರೆ. ಬಿಸಿ ವಾತಾವರಣದಲ್ಲಿ ಓಡಿಸಿ ನೋಡುತ್ತಾರೆ. ಎಣ್ಣೆ ಎಷ್ಟು ಖರ್ಚಾಯಿತೆಂದು ಅಳೆಯುತ್ತಾರೆ. ಎಂಜಿನ್ ಬಿಚ್ಚಿ ಸಿಲಿಂಡರು, ಪಿಸ್ಟನ್ನು, ರಿಂಗುಗಳ ಸವೆತವನ್ನು ದಾಖಲಿಸುತ್ತಾರೆ. ಸಾರ್ವಜನಿಕ ಸಂಸ್ಥೆಯೊಂದು ಅಳೆದು ನೋಡಿದ್ದನ್ನು, ಅದು ಕಂಪನಿಯ ಪುಸ್ತಕದಲ್ಲೂ ಇದೆಯೆಂಬ ಒಂದೇ ಕಾರಣಕ್ಕೆ ತಳ್ಳಿಹಾಕುವುದು ನೆಗಡಿ ಬಂತೆಂದು ಮೂಗು ಕೊಯ್ದುಕೊಂಡಂತೆ.

ಇಲ್ಲಿ ಒಂದು ಆಕ್ಷೇಪ ಏಳುವುದು ಸಹಜ. ದೊಡ್ಡ ತಯಾರಕರೂ ಸುಳ್ಳು ಹೇಳಿ ಸಿಕ್ಕಿಬಿದ್ದಿಲ್ಲವೇ? ಬಿದ್ದಿದ್ದಾರೆ. ಪರೀಕ್ಷೆಯ ಹೊತ್ತಿನಲ್ಲಿ ಮಾತ್ರ ಹೊಗೆ ಕಡಿಮೆ ಮಾಡುವ ತಂತ್ರಾಂಶವನ್ನು ಫೋಕ್ಸ್‌ವ್ಯಾಗನ್ ಕಂಪನಿ ತನ್ನ ಡೀಸೆಲ್ ಕಾರುಗಳಲ್ಲಿ ಅಡಗಿಸಿದ್ದುದನ್ನು 2015ರ ಸೆಪ್ಟೆಂಬರಿನಲ್ಲಿ ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ಬಯಲಿಗೆಳೆಯಿತು. ಆದರೆ ಆ ಸುಳ್ಳು ಯಾವುದರ ಕುರಿತಾದುದೆಂಬುದನ್ನು ಗಮನಿಸಬೇಕು. ಅದು ಎಂಜಿನ್ನಿನ ಆಯುಷ್ಯದ ಕುರಿತಲ್ಲ, ಹೊರಗೆ ಬಿಡುವ ಹೊಗೆಯ ಕುರಿತು. ಹೊಗೆ ಕುಡಿಯುವವರು ಬೇರೆಯವರು. ನಷ್ಟ ಯಾರಿಗೆಂಬ ಪ್ರಶ್ನೆಗೆ ಆ ಪ್ರಕರಣವೇ ಸಾಕ್ಷಿ.

ದಪ್ಪ ಎಣ್ಣೆಯ ಭ್ರಮೆ

ದಪ್ಪ ಎಣ್ಣೆ ಎಂಜಿನ್ನನ್ನು ಗಟ್ಟಿಯಾಗಿಡುತ್ತದೆಂಬ ನಂಬಿಕೆ ಹಳೆಯ ಕಾಲದ ಸಡಿಲ ಎಂಜಿನ್ನುಗಳಿಂದ ಉಳಿದುಬಂದದ್ದು. ಸವೆದ ಎಂಜಿನ್ನಿನಲ್ಲಿ ದಪ್ಪ ಎಣ್ಣೆ ಸದ್ದನ್ನೂ ಹೊಗೆಯನ್ನೂ ಕೆಲಕಾಲ ಮರೆಮಾಡುತ್ತದೆಂಬುದು ನಿಜ. ಆದರೆ ಮರೆಮಾಡುವುದು ಚಿಕಿತ್ಸೆಯಲ್ಲ. ಬೆಳಗಿನ ಜಾವ ಎಂಜಿನ್ ಚಾಲೂ ಮಾಡಿದ ಮೊದಲ ಕ್ಷಣಗಳಲ್ಲಿ ಎಣ್ಣೆ ಬೇರಿಂಗುಗಳನ್ನು ತಲುಪುವುದು ತಡವಾದಷ್ಟೂ ಲೋಹಕ್ಕೆ ಲೋಹ ತಿಕ್ಕುತ್ತದೆ. ಅಗತ್ಯಕ್ಕಿಂತ ದಪ್ಪವಾದ ಎಣ್ಣೆಯನ್ನು ಕಡೆಯಲು ಎಂಜಿನ್ ತನ್ನದೇ ಶಕ್ತಿ ವ್ಯಯಿಸುತ್ತದೆ. ಅದರ ಬೆಲೆಯನ್ನು ಡೀಸೆಲ್ ರೂಪದಲ್ಲಿ ರೈತನೇ ತೆರುತ್ತಾನೆ.

ಎಣ್ಣೆಯೆಂದರೆ ಎಲ್ಲವೂ ಒಂದೇ ಎಂಬ ಭಾವನೆಯೂ ಇಂಥದ್ದೇ. ವಿದ್ಯಾರ್ಥಿಗಳು ಓಡಿಸುವ ಮೋಟಾರು ಸೈಕಲ್ಲನ್ನು ತೆಗೆದುಕೊಳ್ಳಿ. ಬಹುಪಾಲು ಬೈಕುಗಳಲ್ಲಿ ಎಂಜಿನ್ನಿಗೂ ಗೇರಿಗೂ ಕ್ಲಚ್ಚಿಗೂ ಒಂದೇ ಎಣ್ಣೆ. ಕಾರಿನ ಎಣ್ಣೆಗಳಲ್ಲಿ ಘರ್ಷಣೆ ತಗ್ಗಿಸುವ ರಾಸಾಯನಿಕಗಳಿರಬಹುದು. ಅವು ಬೈಕಿನ ಕ್ಲಚ್ಚನ್ನು ಜಾರಿಸುತ್ತವೆ. ಬೈಕಿನ ಕೈಪಿಡಿಯಲ್ಲಿ ಜಾಸೋ ಎಂಎ ಎಂಬ ಜಪಾನಿ ಗುರುತಿರುವ ಎಣ್ಣೆಯನ್ನು ಕೇಳುವುದು ಇದಕ್ಕಾಗಿಯೇ. ಎಣ್ಣೆಯಲ್ಲಿ ಮುಳುಗಿದ ಬ್ರೇಕುಗಳಿರುವ ಟ್ರ್ಯಾಕ್ಟರಿನ ಹಿಂಭಾಗಕ್ಕೆ ಬೇಕಾದ ಎಣ್ಣೆಯೂ ಬೇರೆ, ಅದರ ಎಂಜಿನ್ನಿಗೆ ಬೇಕಾದುದೂ ಬೇರೆ. ದಾಳಿಂಬೆ ತೋಟದ ಎರಡು ಸ್ಟ್ರೋಕಿನ ಸಿಂಪರಣಾ ಯಂತ್ರಕ್ಕೆ ಪೆಟ್ರೋಲಿನೊಡನೆ ಎಷ್ಟು ಪ್ರಮಾಣದಲ್ಲಿ ಎಣ್ಣೆ ಬೆರೆಸಬೇಕೆಂಬುದೂ ಯಂತ್ರದಿಂದ ಯಂತ್ರಕ್ಕೆ ಬದಲಾಗುತ್ತದೆ. ಕಡಿಮೆ ಬೆರೆಸಿದರೆ ಪಿಸ್ಟನ್ ಕಚ್ಚುತ್ತದೆ. ಹೆಚ್ಚು ಬೆರೆಸಿದರೆ ಯಂತ್ರವನ್ನು ಬೆನ್ನಿಗೆ ಕಟ್ಟಿಕೊಂಡ ಕೂಲಿಕಾರನು ಹೊಗೆ ಕುಡಿಯುತ್ತಾನೆ.

ಹೊಸ ಯಂತ್ರಗಳಲ್ಲಿ ಈ ಎಚ್ಚರ ಇನ್ನೂ ಅಗತ್ಯ. 2020ರ ಏಪ್ರಿಲಿನಿಂದ ರಸ್ತೆ ವಾಹನಗಳಿಗೆ ಭಾರತ್ ಸ್ಟೇಜ್-6 ನಿಯಮವೂ, 2023ರ ಜನವರಿಯಿಂದ 50 ಅಶ್ವಶಕ್ತಿಗೂ ಮೀರಿದ ಟ್ರ್ಯಾಕ್ಟರುಗಳಿಗೆ ಹೆಚ್ಚು ಕಟ್ಟುನಿಟ್ಟಾದ ಹೊಗೆ ನಿಯಮವೂ ಬಂದಿವೆ. ಡೀಸೆಲ್ ವಾಹನಗಳ ಹೊಗೆ ಕೊಳವೆಯಲ್ಲಿ ಮಸಿ ಸೋಸುವ ಫಿಲ್ಟರುಗಳು ಬಂದು ಕೂತಿವೆ. ಹಳೆಯ ದರ್ಜೆಯ ಎಣ್ಣೆ ಉರಿದಾಗ ಉಳಿಯುವ ಬೂದಿ ಆ ಫಿಲ್ಟರಿನಲ್ಲಿ ಸಿಕ್ಕಿಕೊಳ್ಳುತ್ತದೆ. ಮಸಿಯಂತೆ ಅದನ್ನು ಸುಟ್ಟು ತೆಗೆಯಲು ಬರುವುದಿಲ್ಲ. ಕಡಿಮೆ ಬೂದಿಯ ಎಣ್ಣೆಯನ್ನೇ ಹಾಕಬೇಕೆಂದು ಕೈಪಿಡಿ ಹೇಳಿದ್ದರೆ ಅದನ್ನು ಪಾಲಿಸುವುದರಲ್ಲಿ ರೈತನ ಹಿತವೂ ಇದೆ, ಊರಿನ ಗಾಳಿಯ ಹಿತವೂ ಇದೆ. ಚಳವಳಿಗಾರರು ಇದನ್ನು ಕಂಪನಿಯ ಕುತಂತ್ರವೆಂದು ಬಗೆದರೆ ತಾವು ಯಾವ ಶುದ್ಧ ಗಾಳಿಗಾಗಿ ಹೋರಾಡಿದರೋ ಅದನ್ನೇ ಕೈಬಿಟ್ಟಂತಾಗುತ್ತದೆ.

ಡಬ್ಬಿಯ ಮೇಲಿನ ಹೆಸರು

ದರ್ಜೆಯ ಮಾತು ಒಂದಾದರೆ ಡಬ್ಬಿಯ ಮಾತು ಇನ್ನೊಂದು. ಟ್ರ್ಯಾಕ್ಟರು ತಯಾರಿಸುವವರು ಸಾಮಾನ್ಯವಾಗಿ ಎಣ್ಣೆ ತಯಾರಿಸುವುದಿಲ್ಲ. ಎಣ್ಣೆ ಕಂಪನಿಗಳಿಂದ ಮಾಡಿಸಿ, ತಮ್ಮ ಹೆಸರಿನ ಡಬ್ಬಿಯಲ್ಲಿ ತುಂಬಿಸಿ ಮಾರುತ್ತಾರೆ. ಅದೇ ಸ್ನಿಗ್ಧತೆ, ಅದೇ ದರ್ಜೆಯ ಎಣ್ಣೆ ಬೇರೆ ಹೆಸರಿನಲ್ಲಿ ಕಡಿಮೆ ಬೆಲೆಗೆ ಸಿಕ್ಕರೆ ಅದನ್ನು ಕೊಳ್ಳಬಾರದೆಂಬುದಕ್ಕೆ ಎಂಜಿನ್ನಿನೊಳಗಿನ ಕಾರಣ ಯಾವುದೂ ಇಲ್ಲ. ಈ ಮಾತು ಸುಳ್ಳಾದರೆ ನಷ್ಟ ಯಾರಿಗೆ? ಹೆಚ್ಚು ಹಣ ತೆತ್ತವನಿಗೆ. ಆದ್ದರಿಂದ ಇದನ್ನು ನಂಬಬೇಕಾಗಿಲ್ಲ.

ಬೇಸಾಯ ಬಲ್ಲವರಿಗೆ ಈ ಭೇದ ಹೊಸದಲ್ಲ. 1968ರ ಕೀಟನಾಶಕ ಕಾಯ್ದೆಯಡಿ ಮಂಜೂರಾದ ಲೇಬಲ್ಲಿನಲ್ಲಿ ಯಾವ ಬೆಳೆಗೆ, ಯಾವ ಕೀಟಕ್ಕೆ, ಎಷ್ಟು ಪ್ರಮಾಣ ಎಂಬುದು ಮುದ್ರಿತವಾಗಿರುತ್ತದೆ. ಅದು ಪರೀಕ್ಷೆಗೊಳಪಟ್ಟ ಮಾತು. ಅಂಗಡಿಯವನು ಕಟ್ಟೆಯ ಮೇಲೆ ಕೂತು “ಇದರ ಜೋಡಿ ಇದನ್ನೂ ಒಂದು ಹೊಡೀರಿ” ಎನ್ನುವುದು ವ್ಯಾಪಾರದ ಮಾತು. ಲೇಬಲ್ಲನ್ನು ಓದದೆ ಅಂಗಡಿಯವನ ಮಾತು ಕೇಳಿದವರ ತೋಟಗಳು ಏನಾದವೆಂಬುದು ಈ ಜಿಲ್ಲೆಯ ದಾಳಿಂಬೆ ಬೆಳೆಗಾರರಿಗೆ ಚೆನ್ನಾಗಿ ಗೊತ್ತು. ಎಣ್ಣೆಯ ವಿಷಯದಲ್ಲಿಯೂ ಲೇಬಲ್ಲು ಬೇರೆ, ಅಂಗಡಿ ಬೇರೆ.

ವಾರಂಟಿ ಹೋಗುತ್ತದೆಂಬ ಬೆದರಿಕೆಗೂ ಉತ್ತರವಿದೆ. ಬಿಡಿಭಾಗಗಳನ್ನೂ ದುರಸ್ತಿಯನ್ನೂ ತಮ್ಮ ಹಿಡಿತದಲ್ಲೇ ಇರಿಸಿಕೊಂಡಿದ್ದ 14 ಕಾರು ಕಂಪನಿಗಳಿಗೆ ಭಾರತೀಯ ಸ್ಪರ್ಧಾ ಆಯೋಗವು 2014ರ ಆಗಸ್ಟ್ 25ರಂದು ಒಟ್ಟು 2,544 ಕೋಟಿ ರೂಪಾಯಿಗೂ ಮೀರಿದ ದಂಡ ವಿಧಿಸಿತು. ಹೊರಗಿನ ಗ್ಯಾರೇಜಿನಲ್ಲಿ ಕೆಲಸ ಮಾಡಿಸಿದರೆಂಬ ಒಂದೇ ಕಾರಣಕ್ಕೆ ವಾರಂಟಿ ರದ್ದಾಗುತ್ತದೆಂಬ ಸಾರಾಸಗಟು ಷರತ್ತು ಹಾಕಬಾರದೆಂದೂ ಆದೇಶಿಸಿತು. ದಂಡದ ವಿಷಯ ಮೇಲ್ಮನವಿಗೆ ಹೋಯಿತು. ಆ ಪ್ರಕರಣ ಕಾರುಗಳದ್ದೇ ಹೊರತು ಟ್ರ್ಯಾಕ್ಟರುಗಳದ್ದಲ್ಲ. ಆದರೂ ಅದರ ಹಿಂದಿನ ನ್ಯಾಯ ಹೊಲದ ಯಂತ್ರಕ್ಕೂ ಸಲ್ಲುವಂಥದ್ದೇ. ಕೈಪಿಡಿ ಕೇಳಿದ ದರ್ಜೆಯ ಎಣ್ಣೆ ಹಾಕಿ, ರಸೀತಿಯನ್ನೂ ಗಂಟೆಗಳ ಲೆಕ್ಕವನ್ನೂ ಜೋಪಾನವಾಗಿಟ್ಟ ರೈತನು ವಾರಂಟಿ ನಿರಾಕರಿಸಿದವರನ್ನು ಜಿಲ್ಲಾ ಗ್ರಾಹಕ ಆಯೋಗದ ಮುಂದೆ ನಿಲ್ಲಿಸಬಹುದು. ಲೆಕ್ಕವಿಲ್ಲದವನ ಕೈಯಲ್ಲಿ ಆ ಅಸ್ತ್ರವಿರುವುದಿಲ್ಲ. ಕೆಲವು ತಯಾರಕರು ಕೈಪಿಡಿಯಲ್ಲಿ ತಮ್ಮದೇ ಗುಣಮಟ್ಟದ ಸಂಖ್ಯೆಯೊಂದನ್ನು ಕೊಡುತ್ತಾರೆ. ಆಗ ಅದಕ್ಕೆ ಸಮನಾದ ದರ್ಜೆ ಯಾವುದೆಂದು ಲಿಖಿತವಾಗಿ ಕೇಳಿ ಪಡೆಯುವುದು ಗ್ರಾಹಕನ ಹಕ್ಕೆಂದು ಚಳವಳಿ ಪಟ್ಟು ಹಿಡಿಯಬೇಕು.

ಬೇರೆ ಡಬ್ಬಿ ಎಂದಮಾತ್ರಕ್ಕೆ ಬಿಡಿಯಾಗಿ ಸಿಗುವ ಅಗ್ಗದ ಎಣ್ಣೆ ಎಂದರ್ಥವಲ್ಲ. ಬಳಸಿದ ಎಣ್ಣೆಯನ್ನೇ ಸೋಸಿ, ಬಣ್ಣ ತಿದ್ದಿ ಮಾರುವ ದಂಧೆಯೂ ಇದೆ. ಕೀಲೆಣ್ಣೆಯ ಕಲಬೆರಕೆಯನ್ನು ತಡೆಯಲು ಕೇಂದ್ರ ಸರ್ಕಾರ 1987ರಲ್ಲಿಯೇ ಆದೇಶ ಹೊರಡಿಸಿದೆ. ಮೊಹರು ಒಡೆಯದ ಡಬ್ಬಿ, ತಯಾರಿಕೆಯ ದಿನಾಂಕ, ದರ್ಜೆಯ ಗುರುತು, ರಸೀತಿ ಇಷ್ಟನ್ನೂ ನೋಡಿಯೇ ಕೊಳ್ಳಬೇಕು. ಹಳೆಯ ಖಾಲಿ ಡಬ್ಬಿಯನ್ನು ಗುಜರಿಗೆ ಹಾಕುವ ಮುನ್ನ ತೂತು ಮಾಡಿದರೆ ಅದು ನಕಲಿ ಎಣ್ಣೆಯವನ ಕೈಗೆ ಸಿಕ್ಕರೂ ಉಪಯೋಗಕ್ಕೆ ಬರುವುದಿಲ್ಲ.

ಪುಸ್ತಕಕ್ಕೆ ತಿಳಿಯದ ಧೂಳು

ಯಾವ ಎಣ್ಣೆ ಎಂಬುದಾಯಿತು. ಎಷ್ಟು ಗಂಟೆಗೊಮ್ಮೆ ಎಂಬುದು ಉಳಿಯಿತು. ಅನೇಕ ಟ್ರ್ಯಾಕ್ಟರುಗಳಿಗೆ 250 ಗಂಟೆಗೊಮ್ಮೆ ಎಣ್ಣೆ ಬದಲಿಸಬೇಕೆಂದು ಹೇಳುವುದು ವಾಡಿಕೆ. ಇನ್ನೂ ದೀರ್ಘವಾದ ಅವಧಿಯನ್ನು ಮಾರಾಟದ ಗುಣವೆಂದು ಸಾರುವವರೂ ಇದ್ದಾರೆ. ಈ ಮಾತನ್ನು ಅರ್ಧ ನಂಬಬೇಕು. ಏಕೆಂದರೆ ಇಲ್ಲಿ ತಯಾರಕನ ಹಿತವು ವಾರಂಟಿ ಮುಗಿಯುವವರೆಗೆ ಮಾತ್ರ ರೈತನ ಹಿತದೊಡನೆ ನಡೆಯುತ್ತದೆ. ಆಮೇಲೆ ಸವೆಯುವ ಎಂಜಿನ್ ಅವನಿಗೆ ಬಿಡಿಭಾಗಗಳ ವ್ಯಾಪಾರ.

ತುಳಸಿಗೇರಿಯ ಸುತ್ತಲಿನ ನೆಲದ ಸ್ವಭಾವವನ್ನೂ ಇಲ್ಲಿ ನೆನೆಯಬೇಕು. ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ 19ನೆಯ ಶತಮಾನದಲ್ಲಿ ವರ್ಣಿಸಿದ ಈ ಸೀಮೆಯ ಶಿಲೆಗಳು ಇಂದಿಗೂ ಭೂವಿಜ್ಞಾನದಲ್ಲಿ ಕಲಾದಗಿಯ ಹೆಸರಿನಿಂದಲೇ ಪ್ರಸಿದ್ಧ. ಮರಳುಗಲ್ಲು, ಬೆಣಚುಕಲ್ಲು, ಸುಣ್ಣಕಲ್ಲು ಇವುಗಳ ಸಮೂಹವದು. ಮರಳುಗಲ್ಲು ಪುಡಿಯಾದರೆ ಸಿಗುವುದು ಬೆಣಚಿನ ಕಣ. ಗಡಸುತನದ ಮಾಪನದಲ್ಲಿ ಅದಕ್ಕೆ ಏಳನೆಯ ಸ್ಥಾನ. ಸಾಧಾರಣ ಉಕ್ಕನ್ನು ಗೀರಬಲ್ಲದು. ವರ್ಷಕ್ಕೆ 600 ಮಿಲಿಮೀಟರಿನಷ್ಟೂ ಮಳೆ ಕಾಣದ ಈ ಗುಡ್ಡದ ಊರುಗಳಲ್ಲಿ ರಂಟೆ ಹೊಡೆಯುವಾಗ ಏಳುವ ಧೂಳಿನಲ್ಲಿ ಈ ಕಣಗಳಿರುತ್ತವೆ. ಬೇರಿಂಗುಗಳ ನಡುವಿನ ಎಣ್ಣೆಯ ಪದರ ಕೂದಲೆಳೆಗಿಂತಲೂ ಎಷ್ಟೋ ಪಟ್ಟು ತೆಳುವಾದುದು. ಆ ಪದರದೊಳಗೆ ಬೆಣಚಿನ ಕಣ ಹೊಕ್ಕರೆ ಎಷ್ಟು ಬೆಲೆಯ ಎಣ್ಣೆಯಾದರೂ ಸಾಣೆಯ ಕಲ್ಲಿನ ನೀರಾಗುತ್ತದೆ.

ವಿಚಿತ್ರವೆಂದರೆ ಇದಕ್ಕೆ ಉತ್ತರವೂ ಕೈಪಿಡಿಯಲ್ಲಿಯೇ ಇರುತ್ತದೆ, ಆದರೆ ಸಣ್ಣ ಅಕ್ಷರಗಳಲ್ಲಿ. ಧೂಳು, ಅತಿ ಶಾಖ, ಭಾರದ ಟ್ರೇಲರು, ದೀರ್ಘಕಾಲ ನಿಂತಲ್ಲೇ ಓಡುವ ಎಂಜಿನ್ ಇಂಥ ‘ಕಠಿಣ ಪರಿಸ್ಥಿತಿ’ಗಳಲ್ಲಿ ಎಣ್ಣೆಯನ್ನು ಬೇಗ ಬದಲಿಸಬೇಕು, ಏರ್ ಕ್ಲೀನರನ್ನು ದಿನವೂ ನೋಡಬೇಕು ಎಂದು ಅನೇಕ ಕೈಪಿಡಿಗಳು ಹೇಳುತ್ತವೆ. ತುಳಸಿಗೇರಿಯ ಕಬ್ಬಿನ ಟ್ರ್ಯಾಕ್ಟರಿಗೆ ಕಠಿಣ ಪರಿಸ್ಥಿತಿಯೇ ನಿತ್ಯದ ಪರಿಸ್ಥಿತಿ. ಬೇಸಗೆಯಲ್ಲಿ ಉಷ್ಣಾಂಶ 40 ಡಿಗ್ರಿಯ ಸುತ್ತ ಇರುತ್ತದೆ, ಟ್ರೇಲರು ತುಂಬಿರುತ್ತದೆ, ಕಾರ್ಖಾನೆಯ ಮುಂದೆ ಸರದಿಗಾಗಿ ಗಂಟೆಗಟ್ಟಲೆ ಕಾಯಬೇಕಾಗುತ್ತದೆ. ದಪ್ಪ ಅಕ್ಷರದ ಅವಧಿಯನ್ನು ಷೋರೂಮಿನಲ್ಲಿ ಹೇಳುತ್ತಾರೆ, ಸಣ್ಣ ಅಕ್ಷರದ ಎಚ್ಚರಿಕೆಯನ್ನು ಹೇಳುವುದಿಲ್ಲ. ಆದ್ದರಿಂದ ಕೈಪಿಡಿಯನ್ನು ನಂಬುವುದೆಂದರೆ ಪೂರ್ತಿ ಓದುವುದೆಂದೇ ಅರ್ಥ. ಆದರೆ ಕನ್ನಡದ ರೈತನ ಕೈಗೆ ಇಂಗ್ಲಿಷಿನ ಪುಸ್ತಕ ಕೊಟ್ಟು, ಅದನ್ನು ಓದಲಿಲ್ಲವೆಂದು ವಾರಂಟಿ ನಿರಾಕರಿಸುವುದು ಯಾವ ನ್ಯಾಯ? ಮಾರಾಟವಾಗುವ ಪ್ರತಿ ಯಂತ್ರದೊಡನೆ ಕನ್ನಡದ ಕೈಪಿಡಿ ಬರಬೇಕೆಂಬುದು ಬೀಜಕ್ಕಾಗಿ ಗೊಬ್ಬರಕ್ಕಾಗಿ ಹೂಡುವ ಹೋರಾಟದಷ್ಟೇ ನ್ಯಾಯವಾದ ಬೇಡಿಕೆ.

ಬಸಿದ ಮೇಲಿನ ಮೌನ

ಎಣ್ಣೆಯನ್ನು ಬೇಗ ಬದಲಿಸಬೇಕೆಂದರೆ ಬಸಿದ ಎಣ್ಣೆಯೂ ಹೆಚ್ಚುತ್ತದೆ. ಪರಿಸರದ ಮಾತನಾಡುವವರು ಈ ಪ್ರಶ್ನೆಯಿಂದ ತಪ್ಪಿಸಿಕೊಳ್ಳುವಂತಿಲ್ಲ. ಸಾಧಾರಣ ಟ್ರ್ಯಾಕ್ಟರಿನಿಂದ ಒಂದು ಸಲಕ್ಕೆ ಆರೇಳು ಲೀಟರ್ ಕರಿ ಎಣ್ಣೆ ಹೊರಬರುತ್ತದೆ. ಅದು ಗ್ಯಾರೇಜಿನ ಹಿಂದಿನ ತಗ್ಗಿಗೋ, ಹಳ್ಳದ ದಂಡೆಗೋ, ಗೆದ್ದಲು ಹತ್ತದಿರಲೆಂದು ಬಾಗಿಲ ಕಟ್ಟಿಗೆಗೋ, ಕೆಲವೊಮ್ಮೆ ದನದ ಗಾಯಕ್ಕೋ ಹೋಗುತ್ತದೆ. ಅದರಲ್ಲಿ ಸವೆದ ಲೋಹದ ಪುಡಿ, ಅರೆಬೆಂದ ಇಂಧನದಿಂದ ಹುಟ್ಟಿದ ಕ್ಯಾನ್ಸರ್‌ಕಾರಕ ವಸ್ತುಗಳು ಇರುತ್ತವೆ. ಒಂದು ವಾಹನದಿಂದ ಒಂದು ಸಲ ಬಸಿದ ಎಣ್ಣೆ ಹತ್ತು ಲಕ್ಷ ಗ್ಯಾಲನ್, ಅಂದರೆ ಸುಮಾರು 38 ಲಕ್ಷ ಲೀಟರ್ ಸಿಹಿನೀರನ್ನು ಕೆಡಿಸಬಲ್ಲದೆಂದು ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ಹೇಳುತ್ತದೆ. ಸುಣ್ಣಕಲ್ಲಿನ ಬಿರುಕುಗಳಿರುವ ನೆಲದಲ್ಲಿ ಮೇಲೆ ಚೆಲ್ಲಿದ್ದು ಮಣ್ಣಿನಲ್ಲಿ ಸೋಸಿಕೊಳ್ಳದೆ ನೇರವಾಗಿ ಬಾವಿಯ ಸೆಲೆಯನ್ನು ಸೇರಬಲ್ಲದು.

ಎಣ್ಣೆ ಹಾಕುವುದರ ಬಗ್ಗೆ ಪುಟಗಟ್ಟಲೆ ಬರೆಯುವ ತಯಾರಕರು ಬಸಿದ ಎಣ್ಣೆಯ ಬಗ್ಗೆ ಬರೆಯುವುದು ಹೆಚ್ಚೆಂದರೆ ಒಂದು ಸಾಲು: ಸ್ಥಳೀಯ ನಿಯಮದಂತೆ ವಿಲೇವಾರಿ ಮಾಡಿರಿ. ಎಲ್ಲಿ, ಯಾರಿಗೆ, ಹೇಗೆ ಎಂಬುದಿಲ್ಲ. ಇಲ್ಲಿ ನಷ್ಟ ಪೂರ್ತಿಯಾಗಿ ಊರಿನದು, ಆದ್ದರಿಂದ ಮೌನವೂ ಪೂರ್ತಿಯಾಗಿದೆ.

ಕಾನೂನು ಮಾತ್ರ ಮೌನವಾಗಿಲ್ಲ. 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳಲ್ಲಿ ಬಳಸಿದ ಎಣ್ಣೆಯೂ ಸೇರಿದೆ. 2023ರಲ್ಲಿ ಆ ನಿಯಮಗಳಿಗೆ ತಿದ್ದುಪಡಿಯಾಗಿ, 2024ರ ಏಪ್ರಿಲ್ 1ರಿಂದ ಕೀಲೆಣ್ಣೆಯ ಉತ್ಪಾದಕರೂ ಆಮದುದಾರರೂ ಬಳಸಿದ ಎಣ್ಣೆಯ ಮರುಸಂಸ್ಕರಣೆಗೆ ಹೊಣೆಗಾರರಾಗಿದ್ದಾರೆ. ಆದರೆ ಈ ಹೊಣೆಯನ್ನು ಮರುಸಂಸ್ಕರಣ ಮಾಡುವವರಿಂದ ಕೊಂಡ ಪ್ರಮಾಣಪತ್ರಗಳ ಮೂಲಕ ತೀರಿಸಲು ಅವಕಾಶವಿದೆ. ನಗರದ ದೊಡ್ಡ ಗ್ಯಾರೇಜುಗಳಿಂದ ಸುಲಭವಾಗಿ ಎಣ್ಣೆ ಸಿಗುವಾಗ ತುಳಸಿಗೇರಿಯ ಆರೇಳು ಲೀಟರನ್ನು ಹುಡುಕಿಕೊಂಡು ಯಾರೂ ತಾವಾಗಿ ಬರಲಾರರು. ಊರಿನವರು ಕೇಳಿದರೆ ಮಾತ್ರ ಬರುತ್ತಾರೆ, ಅದೂ ಒಟ್ಟಾಗಿ ಕೇಳಿದರೆ.

ಆಗಬೇಕಾದುದು

ತಯಾರಕರನ್ನು ನಂಬಬೇಕೇ ಬೇಡವೇ ಎಂಬ ಪ್ರಶ್ನೆಗೆ ಹೌದು ಅಥವಾ ಇಲ್ಲ ಎಂಬ ಒಂದೇ ಉತ್ತರ ಬಯಸುವುದೇ ತಪ್ಪು. ದರ್ಜೆ ಮತ್ತು ಸ್ನಿಗ್ಧತೆಯ ಮಾತನ್ನು ನಂಬಬೇಕು. ಬದಲಿಸುವ ಅವಧಿಯನ್ನು ಸ್ವಂತ ಹೊಲದ ಧೂಳಿಗೂ ಬಿಸಿಲಿಗೂ ತಕ್ಕಂತೆ, ಕೈಪಿಡಿಯ ಕಠಿಣ ಪರಿಸ್ಥಿತಿಯ ಪಟ್ಟಿಯ ಪ್ರಕಾರ ಮೊಟಕುಗೊಳಿಸಬೇಕು, ಹಿಗ್ಗಿಸಬಾರದು. ತಮ್ಮದೇ ಡಬ್ಬಿಯ ಎಣ್ಣೆ ಬೇಕೆಂಬ ಒತ್ತಾಯಕ್ಕೆ ಮಣಿಯಬಾರದು. ಬಸಿದ ಎಣ್ಣೆಯ ವಿಷಯದಲ್ಲಿ ಅವರ ಮೌನವನ್ನು ಮುರಿಯಬೇಕು.

ವಿದ್ಯಾರ್ಥಿಗಳಿಗೆ ಇದರಲ್ಲಿ ದೊಡ್ಡ ಕೆಲಸವಿದೆ. ರಜೆಗೆ ಊರಿಗೆ ಬಂದವರು ಮನೆಯ ಯಂತ್ರದ ಕೈಪಿಡಿಯಿಂದ ಎಣ್ಣೆಯ ಪುಟವನ್ನು ಕನ್ನಡದಲ್ಲಿ ಬರೆದು, ಟ್ರ್ಯಾಕ್ಟರು ನಿಲ್ಲಿಸುವ ಗೋಡೆಗೆ ಅಂಟಿಸಬಹುದು. ಅದರ ಕೆಳಗೆ ಎಣ್ಣೆ ಬದಲಿಸಿದ ದಿನ, ಆಗಿನ ಗಂಟೆ, ಡಬ್ಬಿಯ ದರ್ಜೆ ಇಷ್ಟನ್ನು ಬರೆಯುವ ರೂಢಿ ಹಾಕಿಸಬಹುದು. ಬಾಡಿಗೆ ಯಂತ್ರ ಕೊಡುವ ಕೃಷಿ ಯಂತ್ರಧಾರೆ ಕೇಂದ್ರಗಳು ಈ ಲೆಕ್ಕವನ್ನು ಇಡುತ್ತವೆಯೇ ಎಂದು ಕೇಳಬಹುದು. ಅಲ್ಲಿನ ಯಂತ್ರಗಳನ್ನು ಹತ್ತಾರು ಚಾಲಕರು ಓಡಿಸುವುದರಿಂದ ಲೆಕ್ಕ ತಪ್ಪುವ ಸಂಭವ ಹೆಚ್ಚು.

ಗ್ರಾಮ ಪಂಚಾಯಿತಿಗಳ ಕೆಲಸವೂ ಕಷ್ಟದ್ದಲ್ಲ. ಪ್ರತಿ ಊರಿನಲ್ಲಿ ಗ್ಯಾರೇಜಿನ ಬಳಿ, ಮಳೆ ಬೀಳದ ಮಾಡಿನ ಕೆಳಗೆ, ಮುಚ್ಚಳವಿರುವ ಒಂದು ಡ್ರಮ್ಮು ಇಡಬೇಕು. ಅದರೊಳಗೆ ನೀರು, ಡೀಸೆಲ್, ಕೀಟನಾಶಕ ಸೇರದಂತೆ ಒಬ್ಬರು ನೋಡಿಕೊಳ್ಳಬೇಕು. ತುಂಬಿದ ಡ್ರಮ್ಮನ್ನು ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ಅನುಮತಿ ಪಡೆದ ಮರುಸಂಸ್ಕರಣ ಘಟಕಕ್ಕೇ ಕೊಟ್ಟು ರಸೀತಿ ಪಡೆಯಬೇಕು. ಹತ್ತು ಊರುಗಳ ಡ್ರಮ್ಮುಗಳು ಒಂದೇ ದಿನ ಸಿದ್ಧವಿದ್ದರೆ ಗಾಡಿ ಬರುವುದಿಲ್ಲವೆನ್ನಲು ಯಾರಿಗೂ ನೆಪವಿರದು. ಎಣ್ಣೆ ಮಾರುವವರಿಂದ ಆ ಡ್ರಮ್ಮಿನ ಖರ್ಚನ್ನು ಕೇಳುವುದು ಭಿಕ್ಷೆಯಲ್ಲ, ನಿಯಮದ ಪ್ರಕಾರ ಅವರ ಮೇಲಿರುವ ಹೊಣೆ.

ಮುಂದಿನ ಕಬ್ಬಿನ ಹಂಗಾಮಿಗೆ ಟ್ರ್ಯಾಕ್ಟರುಗಳು ಸಿದ್ಧವಾಗುವಾಗ ಎಲ್ಲ ಊರುಗಳಲ್ಲಿಯೂ ಎಣ್ಣೆ ಬದಲಿಸುವ ಕೆಲಸ ನಡೆಯುತ್ತದೆ. ಡ್ರಮ್ಮು ಅದಕ್ಕೆ ಮೊದಲೇ ಬಂದು ಕೂತಿರಬೇಕು.